ದಂತ ಎಂದು ಸಹಿ ಹಾಕಿದ ಬಸವಣ್ಣ

ಹಳೆಯ ಸಾಮಾನುಗಳಲ್ಲಿ ಅಸಲಿ ಆನೆದಂತ ಯಾವುದು, ಎಲುಬು ಯಾವುದು, ಕಾರ್ಖಾನೆಯ ಮಾಲು ಯಾವುದು ಎಂದು ಹೇಳುವುದು ನನ್ನ ಹೊಟ್ಟೆ ತುಂಬಿಸಿದ ಕೆಲಸ. ರಾಯಚೂರಿನಲ್ಲಿ ಎರಡು ಕೋಣೆಯ ಒಂದು ಕಚೇರಿ. ಮನೆಯಲ್ಲಿ ಪುರಾತನ ಮೂರ್ತಿಗಳನ್ನು ಇಟ್ಟುಕೊಂಡವರು ಅವನ್ನು ನೋಂದಾಯಿಸಬೇಕು ಎಂಬ ಕಾನೂನು ಆಗ ಹೊಸತು. ಅರ್ಜಿ ಬಂದ ಮನೆಗಳಿಗೆ ಹೋಗಿ, ವಸ್ತು ನೋಡಿ, ಅದು ಯಾವುದರಿಂದ ಮಾಡಿದ್ದು ಎಂದು ಬರೆದು ಸಹಿ ಹಾಕುವ ಪರೀಕ್ಷಕ ನಾನು. ಎಪ್ಪತ್ತರ ದಶಕದ ಕೊನೆಯ ವರ್ಷಗಳೂ ಎಂಬತ್ತರ ದಶಕದ ಬಹುಪಾಲೂ ರಾಯಚೂರು, ದೇವದುರ್ಗ, ಮಾನ್ವಿಗಳ ಬಸ್ಸುಗಳಲ್ಲಿ ಹೀಗೇ ಕಳೆದುಹೋದವು.

ಈಗ ಅದೇ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, ಗುರುತು ಹಿಡಿಯುವುದು ಹೇಗೆ ಹೇಳಿಕೊಡಿ ಸರ್ ಎನ್ನುತ್ತಾರೆ. ಹೇಳಿಕೊಡುತ್ತೇನೆ. ಆದರೆ ನನ್ನ ತಪ್ಪನ್ನು ಮುಚ್ಚಿಟ್ಟು ಉಳಿದದ್ದನ್ನಷ್ಟೇ ಹೇಳಿದರೆ ನೀವೂ ಅದೇ ತಪ್ಪು ಮಾಡುತ್ತೀರಿ, ಮತ್ತು ಅದರ ಪೆಟ್ಟು ಬೇರೆ ಯಾರಿಗೋ ಬೀಳುತ್ತದೆ. ಮಾನ್ವಿಯಲ್ಲಿ ನರಸಮ್ಮ ಎಂಬ ಕೆಲಸದ ಹೆಂಗಸಿಗೆ ಬಿತ್ತು. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾವ ಮಂತ್ರಿಯ ಕೈಕುಲುಕಿದೆ ಎನ್ನುವುದನ್ನೆಲ್ಲ ಬಿಟ್ಟು ಅವಳ ಕತೆಯನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅದಕ್ಕೆ ಮೊದಲು ಎರಡು ಪಾಠ ಇವೆ, ಅವನ್ನು ಮುಗಿಸುತ್ತೇನೆ.

ಮೊದಲನೆಯದು ಸೂಜಿಯ ವಿಷಯ. ನಾನು ಸೇರಿದಾಗ ನಮಗೆ ಗೊತ್ತಿದ್ದ ಪರೀಕ್ಷೆ ಒಂದೇ. ಸೂಜಿಯನ್ನು ಕೆಂಪಗೆ ಕಾಯಿಸಿ ವಸ್ತುವಿನ ತಳಕ್ಕೆ ಒತ್ತುವುದು. ಸೂಜಿ ಒಳಗೆ ಇಳಿದರೆ ನಕಲಿ, ಇಳಿಯದೆ ಕೂದಲು ಸುಟ್ಟ ವಾಸನೆ ಬಂದರೆ ದಂತವೋ ಎಲುಬೋ. ನನ್ನ ಮೇಲಧಿಕಾರಿ ಕುಲಕರ್ಣಿ ಸಾಹೇಬರು ಇದಕ್ಕಾಗಿ ತಗಡಿನ ಡಬ್ಬಿಯಲ್ಲಿ ಒಂದು ಸ್ಪಿರಿಟ್ ದೀಪವನ್ನೂ ಅರ್ಧ ಡಜನ್ ಸೂಜಿಗಳನ್ನೂ ಇಟ್ಟುಕೊಂಡಿದ್ದರು. ಒಳ್ಳೆಯ ಮನುಷ್ಯ, ಓದಿಕೊಂಡವರು, ಆದರೆ ಆ ಡಬ್ಬಿ ತೆರೆದರೆಂದರೆ ಯಾರ ಮಾತೂ ಕೇಳುತ್ತಿರಲಿಲ್ಲ.

ರಾಯಚೂರಿನಲ್ಲಿ ಕೋಟೆಯ ಹತ್ತಿರದ ಒಂದು ಹಳೆಯ ಮನೆಗೆ ನಾವಿಬ್ಬರೂ ಹೋಗಿದ್ದೆವು. ನಿಜಾಮರ ಕಾಲದಲ್ಲಿ ದೊಡ್ಡ ನೌಕರಿಯಲ್ಲಿದ್ದವರ ವಿಧವೆ, ಎಂಬತ್ತರ ಹತ್ತಿರದ ಮುದುಕಿ, ಮೂರ್ತಿಯೊಂದನ್ನು ತೋರಿಸಿದ ಮೇಲೆ ತಮ್ಮ ಬಾಚಣಿಗೆ, ಕೈಗನ್ನಡಿಯನ್ನೂ ಮೇಜಿನ ಮೇಲೆ ಇಟ್ಟರು. ಮದುವೆಯಲ್ಲಿ ಬಂದದ್ದಂತೆ, ದಂತದ್ದೇ ಎಂದು ಅವರ ನಂಬಿಕೆ. ನನಗೆ ಬಾಚಣಿಗೆಯ ಗೆರೆಗಳ ಮೇಲೆ ಅನುಮಾನ ಬಂತು. ಒಂದರ ಪಕ್ಕ ಒಂದು, ಪಟ್ಟಿ ಇಟ್ಟು ಎಳೆದ ಹಾಗೆ ನೇರವಾಗಿದ್ದವು. ಆನೆಗೆ ಅಷ್ಟು ಶಿಸ್ತು ಎಲ್ಲಿಂದ ಬರಬೇಕು? ಹೇಳಬೇಕು ಅನ್ನುವಷ್ಟರಲ್ಲಿ ಸಾಹೇಬರು ಕಾದ ಸೂಜಿಯನ್ನು ಒತ್ತಿಯೇಬಿಟ್ಟರು. ಬುಸ್ ಎಂದು ಉರಿ ಎದ್ದಿತು. ಅದು ಸೆಲ್ಯುಲಾಯ್ಡ್, ಬೆಂಕಿಗೆ ಪಟಾಕಿಯ ಮದ್ದಿನ ಹಾಗೆ ಹತ್ತಿಕೊಳ್ಳುವ ಮಾಲು. ಸಾಹೇಬರ ಹುಬ್ಬು ಹೋಯಿತು, ಮೇಜಿನ ಬಟ್ಟೆ ಹತ್ತಿಕೊಂಡಿತು, ಮುದುಕಿಯ ದುಪಟ್ಟದ ಅಂಚು ಮೇಜಿನ ಮೇಲೆಯೇ ಇತ್ತು. ನಾನು ಉರಿಯುವ ಬಾಚಣಿಗೆಯನ್ನು ಬರಿಗೈಯಲ್ಲಿ ಹಿಡಿದು ಅಂಗಳಕ್ಕೆ ಎಸೆದೆ. ಆ ಕಲೆ ಇನ್ನೂ ಅಂಗೈಯಲ್ಲಿದೆ.

ಆ ಮುದುಕಿ ಮಾತ್ರ ಕೂತ ಜಾಗದಿಂದ ಏಳಲಿಲ್ಲ. ದುಪಟ್ಟ ಸರಿಮಾಡಿಕೊಂಡು ಹೇಳಿದರು. "ಸಾಬ್, ಅರವತ್ತು ವರ್ಸ ಇದರಿಂದ ತಲಿ ಬಾಚೀನಿ. ಒಮ್ಮಿನೂ ಬೆಂಕಿ ಹತ್ತಿಲ್ಲ. ನೀವು ಬಂದು ಅರ್ಧ ತಾಸಿನ್ಯಾಗ ಹತ್ತಿಸಿದ್ರಿ."

ಹೊರಗೆ ಬಂದ ಮೇಲೆ ಸಾಹೇಬರು, "ದಂತ ಅಲ್ಲ ಅನ್ನೋದಂತೂ ಖಾತ್ರಿ ಆತಲ್ಲ" ಎಂದರು. ನನಗೆ ನಗು ಬರಲಿಲ್ಲ. ಅಂದಿನಿಂದ ನಾನು ಯಾರ ವಸ್ತುವಿಗೂ ಬೆಂಕಿ ತೋರಿಸಿಲ್ಲ, ಚಾಕುವಿನಿಂದ ಕೆರೆದಿಲ್ಲ. ನೀವೂ ಆ ಕೆಲಸ ಮಾಡಬೇಡಿ. ಅನುಮಾನ ಬಂದರೆ ವಸ್ತುವಿನ ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ ಮೂಸಿ ನೋಡಿ, ಸೆಲ್ಯುಲಾಯ್ಡ್ ಆದರೆ ಕರ್ಪೂರದ ವಾಸನೆ ಹೊಡೆಯುತ್ತದೆ.

ಎರಡನೆಯ ಪಾಠ ದೇವದುರ್ಗದ್ದು. ಅಲ್ಲಿ ಖಾಸಿಂ ಸಾಬ ಎಂಬ ಮುದುಕ ಇದ್ದ. ಕಟ್ಟಿಗೆ ತಿರುಗಿಸಿ ಕಡೆಯುವ ಯಂತ್ರದ ಮೇಲೆ ತೊಟ್ಟಿಲ ಗುಂಡು, ಲಟ್ಟಣಿಗೆ ಮಾಡುವವನು. ಹರೆಯದಲ್ಲಿ ಹೈದರಾಬಾದಿನಲ್ಲಿ ದಂತದ ಬಳೆ, ಪಗಡೆ ಕಾಯಿ ಕಡೆದಿದ್ದನಂತೆ. ಜಾಲಹಳ್ಳಿಗೆ ಹೋಗುವ ಬಸ್ಸಿಗೆ ಕಾಯುತ್ತ ಅವನ ಅಂಗಡಿಯಲ್ಲಿ ಕೂತಾಗಲೆಲ್ಲ ನಾನು ಚೀಲದಲ್ಲಿದ್ದ ದಂತ, ಎಲುಬಿನ ಚೂರುಗಳನ್ನು ಅವನ ಕೈಗೆ ಕೊಡುತ್ತಿದ್ದೆ. ಅವನು ಮೈ ಕಡೆ ನೋಡುತ್ತಲೇ ಇರಲಿಲ್ಲ, ಸೀದಾ ತಿರುವಿ ತಳ ನೋಡುತ್ತಿದ್ದ.

"ಮೈಯ್ಯಾಗ ಏನ್ ನೋಡ್ತೀರಿ? ಮೈ ಎಲ್ಲಾ ಪಾಲಿಸ್ ಇರ್ತದ. ಅಡ್ಡ ಕೊಯ್ದ ಮಕ ನೋಡ್ರಿ. ಆನೀ ಹಲ್ಲಾದ್ರ ಜಾಳಗಿ ಹೆಣದಂಗ ಗೆರಿ ಒಂದರ ಮ್ಯಾಲ ಒಂದು ಹಾಯ್ತಾವ. ಎಲುಬಾದ್ರ ಸೂಜಿ ಚುಚ್ಚಿದಂಗ ಚುಕ್ಕಿ. ಎಲುಬಿನ್ಯಾಗ ರಗತ ಹರದಾಡಿರ್ತದ ನೋಡ್ರಿ, ಅದರ ದಾರಿ ಅವು."

"ತಳ ನೋಡಾಕ ಬಿಡದಿದ್ರ?" ಎಂದು ಒಮ್ಮೆ ಕೇಳಿದೆ.

"ಗೊತ್ತಾಗಲಿಲ್ಲ ಅಂತ ಹೇಳಿ ಎದ್ದು ಬರ್ರಿ. ಅದಕ್ಕೇನು ನಾಚಿಕಿ?"

ನಾಚಿಕೆಯೇ ಇತ್ತು ನನಗೆ. ನೋಡಿದ ಕೂಡಲೇ ಹೇಳುತ್ತಾನೆ ಎಂದು ಮೂರು ತಾಲೂಕಿನಲ್ಲಿ ಹೆಸರಾಗಿತ್ತು. ಆ ಹೆಸರು ತಲೆಗೆ ಏರಿತ್ತು.

ಇನ್ನು ಮಾನ್ವಿಗೆ ಬರುತ್ತೇನೆ. ಅಲ್ಲಿ ಅಕ್ಕಿ ಗಿರಣಿ ಇದ್ದ ಒಂದು ಶಿವಭಕ್ತರ ಮನೆ. ಹಿರಿಯ ಸಾಹುಕಾರರು ತಮ್ಮ ಅಜ್ಜನ ಕಾಲದ ದಂತದ ಬಸವಣ್ಣನನ್ನು ನೋಂದಾಯಿಸಲು ಅರ್ಜಿ ಹಾಕಿದ್ದರು. ನಿಂಬೆಹಣ್ಣಿನಷ್ಟು ದೊಡ್ಡ ಮೂರ್ತಿ, ಕಾಲು ಮಡಚಿ ಕೂತದ್ದು, ಬಲಗಿವಿಯ ತುದಿ ಮುರಿದದ್ದು. ತಳಕ್ಕೆ ಬೆಳ್ಳಿಯ ಪೀಠ ಕೂರಿಸಿ ಅರಗಿನಿಂದ ಬಿಗಿ ಮಾಡಿದ್ದರು. ಆ ಮನೆಯಲ್ಲಿ ಮೂರು ತಲೆಮಾರಿನಿಂದ ದಿನಕ್ಕೆ ಎರಡು ಹೊತ್ತು ಅದಕ್ಕೆ ಪೂಜೆ. ಪೂಜೆ ಎಂದರೆ ಹಾಲು, ತುಪ್ಪ, ಮತ್ತು ಕೈತುಂಬ ವಿಭೂತಿ. ವಿಭೂತಿಯನ್ನು ಒದ್ದೆ ಮಾಡಿ ಮೂರ್ತಿಯ ಮೈಗೆಲ್ಲ ಬಳಿದು, ಒಣಗಿದ ಮೇಲೆ ಮೆತ್ತಗಿನ ಬಟ್ಟೆಯಿಂದ ಒರೆಸುತ್ತಿದ್ದರು.

ನಾನು ಪೀಠ ಬಿಚ್ಚಿ ತಳ ತೋರಿಸಿ ಎಂದೆ. ಹಿರಿಯರು ತಲೆ ಅಲ್ಲಾಡಿಸಿದರು. "ಪೀಠ ಬಿಚ್ಚಿದ್ರ ಪೂಜಿ ನಿಂತಂಗ. ಅದೊಂದು ಬ್ಯಾಡ್ರಿ. ಮ್ಯಾಲಿಂದ ಎಷ್ಟು ಬೇಕಾದ್ರೂ ನೋಡ್ರಿ." ತಮ್ಮ ಅಂಗೈ ಮೇಲೆ ಇಟ್ಟುಕೊಂಡೇ ತೋರಿಸಿದರು. ನಾನು ಭೂತಗನ್ನಡಿ ಹಿಡಿದು ಬೆನ್ನು, ಡುಬ್ಬ, ಕೊಂಬು ಎಲ್ಲ ನೋಡಿದೆ. ಒಂದು ಚುಕ್ಕಿ ಇಲ್ಲ. ಕೆನೆಯ ಬಣ್ಣ, ತಣ್ಣಗಿನ ನುಣುಪು. ಖಾಸಿಂ ಸಾಬನ ಮಾತು ನೆನಪಾಗದೆ ಇರಲಿಲ್ಲ. ಆದರೆ ಮನೆಮಂದಿಯೆಲ್ಲ ಸುತ್ತ ನಿಂತು ನನ್ನ ಬಾಯಿ ನೋಡುತ್ತಿದ್ದರು. ಗೊತ್ತಾಗಲಿಲ್ಲ ಎಂದು ಹೇಳಿ ಎದ್ದು ಬರುವ ಬದಲು "ಅಸಲಿ ದಂತ" ಎಂದೆ. ಗೋಧಿ ಹುಗ್ಗಿಯ ಊಟವಾಯಿತು. ಸಹಿ ಹಾಕಿದೆ, ಕಚೇರಿಯಲ್ಲಿ ಕುಲಕರ್ಣಿ ಸಾಹೇಬರು ಅದರ ಮೇಲೆ ಸಹಿ ಹಾಕಿದರು, ಒಂದು ಫೋಟೊ ಕಡತಕ್ಕೆ ಅಂಟಿತು.

ಆರೇಳು ವರ್ಷ ಕಳೆದವು. ಅಷ್ಟರಲ್ಲಿ ನೇರಳೆ ಬೆಳಕಿನ ದೀಪ ಬಂದಿತ್ತು, ಕತ್ತಲೆಯಲ್ಲಿ ಹಿಡಿದರೆ ಪ್ಲಾಸ್ಟಿಕ್ ಬೇರೆ, ದಂತ ಬೇರೆ ಬಣ್ಣದಲ್ಲಿ ಹೊಳೆಯುತ್ತದೆ. ಈಗಿನವರು ಆ ದೀಪವನ್ನೇ ದೇವರು ಮಾಡಿಕೊಂಡಿದ್ದೀರಿ. ಅದರ ಕೆಳಗೆ ಎಲುಬೂ ದಂತದ ಹಾಗೆಯೇ ನೀಲಿ ಬಿಳುಪಾಗಿ ಹೊಳೆಯುತ್ತದೆ ಎನ್ನುವುದನ್ನು ಮರೆಯಬೇಡಿ. ಬೆಂಕಿಯ ಭಯ ಅದಕ್ಕಿಲ್ಲ, ಅಷ್ಟು ಒಳ್ಳೆಯದು.

ಹಿರಿಯ ಸಾಹುಕಾರರು ತೀರಿಕೊಂಡಿದ್ದರು. ಅವರ ವರ್ಷದ ಪುಣ್ಯತಿಥಿ ಆದ ಮೇಲೆ ಮಗ ಶರಣಪ್ಪ ನೋಂದಣಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಕಾಗದ ಕೊಟ್ಟ. ವಸ್ತುವನ್ನು ಇನ್ನೊಮ್ಮೆ ನೋಡಬೇಕಿತ್ತು. ಮಾನ್ವಿಗೆ ಹೋದೆ. ಶರಣಪ್ಪ ಬಸವಣ್ಣನನ್ನು ತಂದು ನನ್ನ ಕೈಯಲ್ಲಿ ಇಟ್ಟ. ಕನ್ನಡಿ ಹಿಡಿದೆ. ಬೆನ್ನಿನ ಮೇಲೆ ಚುಕ್ಕಿ. ಡುಬ್ಬದ ಮೇಲೆ ಚುಕ್ಕಿ. ಎಲ್ಲ ಕಡೆ ಸೂಜಿಮೊನೆಯಷ್ಟು ಕಪ್ಪು ಚುಕ್ಕಿಗಳು.

"ಇದು ಎಲುಬು" ಎಂದೆ. ಹಿರಿಯರ ಹೆಂಡತಿ ಗೌರಮ್ಮನವರು ಗೋಡೆಗೆ ಒರಗಿ ಕೂತವರು ಸೆಟೆದು ಕೂತರು. ಪೂಜೆಯ ಕೋಣೆಯಲ್ಲಿ ಎಲುಬು ಎನ್ನುವ ಮಾತನ್ನು ಆ ಮನೆಯಲ್ಲಿ ಯಾರೂ ಆಡಿರಲಿಕ್ಕಿಲ್ಲ.

"ಅಂದ್ರ? ನೀವ ದಂತ ಅಂತ ಬರಕೊಟ್ಟೀರಲ್ಲ?" ಎಂದ ಶರಣಪ್ಪ.

ಒಂದು ನಿಮಿಷ ಯೋಚಿಸಿದ್ದರೆ ಸಾಕಿತ್ತು. ನಾನು ಹಿಂದೆ ತಪ್ಪಿರಬಹುದು ಎನ್ನುವ ಸಂಗತಿ ನನ್ನ ತಲೆಗೆ ಹೊಳೆಯಲೇ ಇಲ್ಲ. "ನಾ ನೋಡಿದ್ದು ಇದಲ್ಲ. ಇದು ಬದಲಾಗೇದ" ಎಂದುಬಿಟ್ಟೆ. ಹಾಗೆಂದು ಬರೆದುಕೊಂಡು, ಕೊಟ್ಟ ಚಹಾ ಕುಡಿದು, ಬಸ್ಸು ಹಿಡಿದು ರಾಯಚೂರಿಗೆ ಬಂದೆ.

ಹನ್ನೊಂದು ದಿನದ ಮೇಲೆ, ಶನಿವಾರ ಬೆಳಿಗ್ಗೆ, ಕಚೇರಿಗೆ ಒಬ್ಬ ಹುಡುಗಿ ಬಂದಳು. ಸುಜಾತಾ ಅಂತ, ರಾಯಚೂರಿನಲ್ಲೇ ಶಿಕ್ಷಕರ ತರಬೇತಿಯಲ್ಲಿದ್ದವಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಮಾನ್ವಿ ಸಾಹುಕಾರ್ರ ಮನ್ಯಾಗ ಭಾಂಡಿ ತಿಕ್ಕೋ ನರಸಮ್ಮನ ಮಗಳ್ರಿ ನಾನು. ನೀವು ಬದಲಾಗೇದ ಅಂದು ಬಂದ್ರಿ. ಬದಲು ಮಾಡಿದಾಕಿ ನಮ್ಮವ್ವ ಅಂತ ಆಗೇದ್ರಿ. ಸೋಮವಾರದೊಳಗ ದಂತದ ಬಸವಣ್ಣನ್ನ ತಂದು ಕೊಡದಿದ್ರ ಠಾಣೇಕ ಕೊಡ್ತೀವಿ ಅಂದಾರ. ಎಲ್ಲಿಂದ ತರಬೇಕ್ರಿ ನಮ್ಮವ್ವ?"

ನನಗೆ ಮೊದಲು ಬಂದದ್ದು ಸಿಟ್ಟೇ. "ನಾನು ಯಾರ ಹೆಸರೂ ಹೇಳಿಲ್ಲ" ಎಂದು ಸಿಡಿದೆ.

"ಹೆಸರು ನೀವು ಹೇಳಬೇಕಾಗಿಲ್ರಿ. ಆ ಮನಿಗೆ ಹೊರಗಿಂದ ಬರಾಕಿ ಅಕಿ ಒಬ್ಬಾಕಿನ" ಎಂದಳು. ಆಮೇಲೆ ದನಿ ತಗ್ಗಿಸಿ, "ನಿಮ್ಮ ಕಣ್ಣು ಆವಾಗ ತಪ್ಪಿತ್ತೋ, ಈಗ ತಪ್ಪೇದೋ ಸರ್?" ಎಂದು ಕೇಳಿದಳು.

ಅಷ್ಟು ನೇರವಾಗಿ ನನ್ನನ್ನು ಯಾರೂ ಕೇಳಿರಲಿಲ್ಲ. ಕಪಾಟಿನಿಂದ ಕಡತ ತೆಗೆದು ಫೋಟೊ ನೋಡಿದೆ. ಬಲಗಿವಿಯ ತುದಿ ಮುರಿದದ್ದು, ಓರೆಯಾಗಿ, ಹೊರಗಡೆ ಹೆಚ್ಚು. ಹನ್ನೊಂದು ದಿನದ ಹಿಂದೆ ನನ್ನ ಕೈಯಲ್ಲಿದ್ದ ಬಸವಣ್ಣನ ಕಿವಿಯೂ ಹಾಗೆಯೇ ಇತ್ತು. ಅಂದರೆ ಬದಲಾಗಿಲ್ಲ. ಹಾಗಾದರೆ ಮೊದಲ ಸಲ ಆ ಚುಕ್ಕಿಗಳು ಎಲ್ಲಿ ಹೋಗಿದ್ದವು?

ಸುಜಾತಾ ಬಾಗಿಲ ಕಡೆ ಒಮ್ಮೆ ನೋಡಿ, ತಾಯಿ ತನಗೊಬ್ಬಳಿಗೇ ಹೇಳಿದ ಸಂಗತಿ ಹೇಳಿದಳು. ನರಸಮ್ಮ ಹದಿನಾಲ್ಕು ವರ್ಷದಿಂದ ಆ ಮನೆಯ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಪಡಸಾಲೆ ದಾಟಿ ಒಳಗೆ ಹೋದವಳಲ್ಲ, ಅವರು ಬಿಡುತ್ತಲೂ ಇರಲಿಲ್ಲ. ಪುಣ್ಯತಿಥಿಯ ಹಿಂದಿನ ದಿನ ಪೂಜೆಯ ತಂಬಿಗೆ, ಆರತಿ ತಟ್ಟೆಗಳ ಬುಟ್ಟಿಯಲ್ಲಿ ಬಸವಣ್ಣನೂ ಇದ್ದ. ಗಡಿಬಿಡಿಯಲ್ಲಿ ಯಾರೋ ಹಾಕಿಬಿಟ್ಟಿದ್ದರು.

"ಬೆಳ್ಳಿ ಪೀಠ ಕರ್ರಗಾಗಿತ್ತಂತ್ರಿ. ಹುಣಸಿಹಣ್ಣು, ಒಲಿ ಬೂದಿ ಹಚ್ಚಿ ಎಲ್ಲಾ ಕೂಡೇ ತಿಕ್ಕ್ಯಾಳ. ತಿಕ್ಕಿದ ಮ್ಯಾಲ ಮೈಮ್ಯಾಲ ಚುಕ್ಕಿ ಎದ್ವು ಅಂತ ಅಂಜಿ, ತೊಳದು, ಬುಟ್ಟ್ಯಾಗ ಸುಮ್ಮನ ಇಟ್ಟಾಳ."

"ಇದನ್ನ ಅಲ್ಲಿ ಯಾಕ ಹೇಳಲಿಲ್ಲ?"

"ತಿಕ್ಕೀನಿ ಅಂದ್ರ ಮುಟ್ಟೀನಿ ಅಂದಂಗ ಅಲ್ರೀ ಸರ್. ಕಳ್ಳಿ ಅನ್ನೋದು ಒಂದು, ದೇವರ್ನ ಮುಟ್ಟಿದಾಕಿ ಅನ್ನೋದು ಇನ್ನೊಂದು. ಎರಡೂ ಯಾಕ ಅಂತ ಬಾಯಿ ಮುಚ್ಚಿಕೊಂಡಾಳ."

ಅಲ್ಲಿಗೆ ನನಗೆ ಎಲ್ಲ ತಿಳಿಯಿತು. ಎಲುಬಿನ ಸಣ್ಣ ತೂತುಗಳು ಕಪ್ಪಾಗಿ ಕಾಣುವುದು ಅವುಗಳಲ್ಲಿ ಕೊಳೆ ಕೂರುವುದರಿಂದ. ಈ ಬಸವಣ್ಣನ ತೂತುಗಳಲ್ಲಿ ಮೂರು ತಲೆಮಾರು ಬಿಳಿ ವಿಭೂತಿ ಕೂತಿತ್ತು, ಹಾಲು ತುಪ್ಪದ ಜೊತೆ ಗಟ್ಟಿಯಾಗಿ, ಒರೆಸಿ ಒರೆಸಿ ಮೈಯ ಮಟ್ಟಕ್ಕೆ ನಯವಾಗಿ. ಹುಣಸೆಯ ಹುಳಿ ಅದನ್ನು ಕರಗಿಸಿತು, ಒಲೆಯ ಕಪ್ಪು ಬೂದಿ ಆ ಜಾಗ ತುಂಬಿತು. ಚುಕ್ಕಿ ಎದ್ದವು; ದಿನದ ವಿಭೂತಿಯ ಪೂಜೆಯಲ್ಲಿ ಮನೆಯವರು ಅಷ್ಟು ಸಣ್ಣ ಚುಕ್ಕಿಗಳನ್ನು ಗಮನಿಸಿರಲಿಕ್ಕಿಲ್ಲ. ಮೊದಲಿನಿಂದಲೂ ಅದು ಎಲುಬೇ. ದಂತ ಎಂದದ್ದು ನನ್ನ ಸೊಕ್ಕು.

ಕುಲಕರ್ಣಿ ಸಾಹೇಬರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕಡತ ತಿರುವಿ ಹಳೆಯ ಹಾಳೆ ತೆಗೆದು ನೋಡಿದರು. ನಿವೃತ್ತಿಗೆ ಅವರಿಗೆ ಕೆಲವೇ ತಿಂಗಳು ಇದ್ದವು.

"ಇದರಾಗ ಎರಡು ಸಹಿ ಅವ. ಒಂದು ನಿಂದು, ಒಂದು ನಂದು. ಠಾಣೇದವ್ರು ಕೇಳಿದಾಗ ನೋಡೋಣಂತ."

"ಅವ್ರು ಕೇಳೂದ್ರೊಳಗ ಅಕಿ ಒಳಗ ಇರ್ತಾಳ್ರಿ ಸರ್."

ಅವರು ಕಡತ ಮುಚ್ಚಿ ನನ್ನ ಕಡೆ ಸರಿಸಿದರು. "ನಾಳೆ ರವಿವಾರ. ರಜಾದಿನ ನೀ ಎಲ್ಲಿ ಹೋಗ್ತಿ, ಕೈಯಾಗ ಏನ್ ಒಯ್ತಿ, ನನಗೇನು ಗೊತ್ತು?"

ರವಿವಾರ ಮೊದಲ ಬಸ್ಸಿಗೆ ನಾನೂ ಸುಜಾತಾಳೂ ಹೊರಟೆವು. ನನ್ನ ಮಾತು, ಆ ಹೆಬ್ಬೆಟ್ಟಿನಷ್ಟು ಫೋಟೊ, ಇಷ್ಟರಿಂದ ಆ ಮನೆಯವರು ಒಪ್ಪುವುದಿಲ್ಲ ಎನ್ನುವುದು ಗೊತ್ತಿತ್ತು. ಅವರು ಒಪ್ಪಬೇಕಾದದ್ದು ನರಸಮ್ಮ ಕಳ್ಳಿಯಲ್ಲ ಎನ್ನುವುದನ್ನಷ್ಟೇ ಅಲ್ಲ. ತಮ್ಮ ಮುತ್ತಜ್ಜನಿಂದ ಈಚೆಗೆ ಎಲ್ಲರೂ ಎಲುಬಿಗೆ ಹಾಲೆರೆದರು ಎನ್ನುವುದನ್ನೂ ಒಪ್ಪಬೇಕು. ಅದಕ್ಕಿಂತ ಒಬ್ಬ ಕೆಲಸದವಳು ಕದ್ದಳು ಎನ್ನುವುದು ಅವರಿಗೆ ಸಾವಿರ ಪಾಲು ಹಗುರ. ಆ ಬಸವಣ್ಣನ ಮೈಯಲ್ಲಿ ಎಲ್ಲಾದರೂ ಒಂದು ಕಡೆ ಹಳೆಯ ವಿಭೂತಿ ಉಳಿದಿದ್ದರೆ ಅವರ ಕಣ್ಣಿಗೇ ತೋರಿಸಬಹುದು. ಉಳಿದಿರದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ. ನೀರಮಾನ್ವಿ ದಾಟುವಾಗ ಸುಜಾತಾ ಯಲ್ಲಮ್ಮನ ಗುಡಿಯ ಕಡೆ ನೋಡಲಿಲ್ಲ, ನಾನು ನೋಡಿ ಕೈಮುಗಿದೆ.

ಮಾನ್ವಿಯಲ್ಲಿ ನರಸಮ್ಮ ತನ್ನ ಮನೆಯ ಬಾಗಿಲಲ್ಲೇ ನಿಂತಿದ್ದಳು. ಐವತ್ತರ ಹತ್ತಿರದ ಗಟ್ಟಿ ಹೆಂಗಸು. ನಾನು ಕೇಳಿದ್ದು ಒಂದೇ, ಎಲ್ಲೆಲ್ಲಿ ತಿಕ್ಕಿದಿ ಎಂದು.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಾ ಕೆಲಸ ಅರ್ಧಮರ್ಧ ಮಾಡಾಕಿ ಅಲ್ರಿ. ಎಲ್ಲಾ ಕಡಿ ತಿಕ್ಕೀನಿ. ಕಿವಿ ಸಂದಿ, ಬಾಲದ ಸಂದಿ, ಕಾಲಿನ ಸಂದಿ, ಎಲ್ಲಾ ತೆಂಗಿನ ನಾರು ಹಾಕಿ ತಿಕ್ಕೀನಿ."

ಆಕೆಯ ಚೊಕ್ಕ ಕೆಲಸವೇ ಆಕೆಗೆ ಮುಳುವಾಗುವ ಹಾಗಿತ್ತು.

ಸಾಹುಕಾರರ ಮನೆಯಲ್ಲಿ ಶರಣಪ್ಪ ನಮ್ಮನ್ನು ಅಂಗಳದಲ್ಲೇ ನಿಲ್ಲಿಸಿದ. ನರಸಮ್ಮ, ಸುಜಾತಾ ಹಿತ್ತಿಲ ಬಾಗಿಲ ಹತ್ತಿರ ನಿಂತರು. "ಮಾಲು ತಂದಾಳೇನು?" ಎಂದ ಶರಣಪ್ಪ.

"ಮಾಲು ನಿಮ್ಮನ್ಯಾಗ ಅದರೀ. ಒಮ್ಮಿ ಹೊರಗ ತರ್ರಿ" ಎಂದೆ.

ಅವನು ತರಲಿಲ್ಲ. ಪಡಸಾಲೆಯಿಂದ ಗೌರಮ್ಮನವರು, "ತಂದು ಕೊಡು" ಎಂದ ಮೇಲೆ ತಂದ. ಬಟ್ಟೆಯಲ್ಲಿ ಸುತ್ತಿ ದೂರ ಹಿಡಿದುಕೊಂಡಿದ್ದ. ಎಲುಬು ಎಂದು ಗೊತ್ತಾದ ಮೇಲೆ ಅದನ್ನು ಧಾನ್ಯದ ಕೋಣೆಯ ಮೂಲೆಯಲ್ಲಿ ಹಾಕಿದ್ದರಂತೆ.

ಅಂಗಳದ ಬಿಸಿಲಿನಲ್ಲಿ ಕೂತು ಕನ್ನಡಿ ಹಿಡಿದೆ. ಬೆನ್ನು, ಚುಕ್ಕಿ. ಕಿವಿಯ ಸಂದಿ, ಚುಕ್ಕಿ. ಬಾಲದ ಸಂದಿಯಲ್ಲೂ ಚುಕ್ಕಿ. ನರಸಮ್ಮ ಸುಳ್ಳು ಹೇಳಿರಲಿಲ್ಲ, ನಾರು ಹೋಗದ ಜಾಗವೇ ಇರಲಿಲ್ಲ. ಬೆವರು ಕನ್ನಡಿಯ ಮೇಲೆ ಬಿತ್ತು, ಒರೆಸಿದೆ. ಶರಣಪ್ಪ ಗಡಿಯಾರ ನೋಡುತ್ತಿದ್ದ. ಕಡೆಗೆ ಕತ್ತಿನ ಕೆಳಗೆ ಜೋಲುವ ತೊಗಲು ಮಡಚಿದ ಮುಂಗಾಲಿಗೆ ತಾಗುವಲ್ಲಿ, ಅಕ್ಕಿಕಾಳು ಕೂಡ ತೂರದಷ್ಟು ಇಕ್ಕಟ್ಟಿನ ಸಂದಿಯೊಂದು ಕಂಡಿತು. ಬಿಸಿಲಿಗೆ ಓರೆ ಹಿಡಿದೆ. ಒಳಗೆ ನುಣ್ಣಗೆ, ಕೆನೆಯ ಬಣ್ಣ. ಒಂದೂ ಚುಕ್ಕಿ ಇಲ್ಲ. ಮೊದಲ ಸಲ ನಾನು ನೋಡಿದ ಮೈ ಅದೇ.

ಅಂಗಳದ ಬೇಲಿಯಿಂದ ಒಂದು ಜಾಲಿಮುಳ್ಳು ಮುರಿದುಕೊಂಡು ನೀರಲ್ಲಿ ಅದ್ದಿದೆ. "ಯವ್ವಾ, ನಿಮ್ಮ ಕೈ ಹಿಡೀರಿ" ಎಂದು, ಪಡಸಾಲೆಯ ಅಂಚಿಗೆ ಬಂದಿದ್ದ ಗೌರಮ್ಮನವರ ಅಂಗೈ ಮೇಲೆ ಬಸವಣ್ಣನನ್ನು ಓರೆಯಾಗಿ ಹಿಡಿದು, ಮುಳ್ಳಿನ ಮೊನೆಯಿಂದ ಆ ಸಂದಿಯನ್ನು ಮೆಲ್ಲಗೆ ಮೀಟಿದೆ. ಮೊದಲು ಏನೂ ಬರಲಿಲ್ಲ. ಮತ್ತೆ ನೀರು ಮುಟ್ಟಿಸಿದೆ. ಆಮೇಲೆ ಬಿಳಿ ಬೂದಿಯ ಹಿಟ್ಟು, ರಾಗಿಕಾಳಿನಷ್ಟು, ಅವರ ಅಂಗೈ ಮೇಲೆ ಬಿತ್ತು. ಇನ್ನೊಂದಿಷ್ಟು ಬಿತ್ತು. ಕನ್ನಡಿಯನ್ನು ಅವರ ಕೈಗೇ ಕೊಟ್ಟು, "ಈಗ ಅಲ್ಲಿ ನೋಡ್ರಿ" ಎಂದೆ.

ಅವರು ನೋಡಿದರು. "ಸಣ್ಣ ಸಣ್ಣ ತೂತು ಬಿದ್ದಾವ."

"ಬಿದ್ದಿಲ್ರಿ, ಮೊದಲ ಇದ್ವು. ನಿಮ್ಮ ಮನಿ ವಿಭೂತಿ ಅವನ್ನ ಮುಚ್ಚಿತ್ತು. ಮೂರ್ತಿ ಬದಲಾಗಿಲ್ಲ. ನಾನ ತಪ್ಪು ನೋಡಿ ದಂತ ಅಂತ ಬರದೆ."

ಶರಣಪ್ಪನ ಮುಖ ಕೆಂಪಾಯಿತು. "ಅಂದ್ರ ನಮ್ಮ ಮುತ್ಯಾ ಎಲುಬು ಪೂಜಿ ಮಾಡಿದ ಅಂತೀರೇನು?"

"ಹೌದ್ರಿ."

"ಯಾರದೋ ಮನ್ಯಾಗ ಪೂಜಿ ಮಾಡಿದ್ದ ಬ್ಯಾರೆ ಬಸವಣ್ಣನ್ನ ತಂದಿಟ್ಟಿರಬೇಕು. ಇಕಿ ಭಾಳ ಶ್ಯಾಣೆ ಇದ್ದಾಳ." ನಾನು ಫೋಟೊ ತೋರಿಸಿದೆ, ಕಿವಿ ತೋರಿಸಿದೆ. ಅವನು ಸರಿಯಾಗಿ ನೋಡಲೂ ಇಲ್ಲ. "ಕಿವಿ ಮುರಿಯಾಕ ಎಷ್ಟು ಹೊತ್ತು ಬೇಕು? ಮೂರು ತಲಿಮಾರು ಕುಂತಿದ್ದ ವಿಭೂತಿ ಒಮ್ಮಿಗೇ ಹೆಂಗ ಹೋತು, ಅದನ್ನ ಹೇಳ್ರಿ ಮೊದಲು."

ಅದನ್ನು ನಾನು ಹೇಳುವ ಹಾಗಿರಲಿಲ್ಲ. ಹೇಳಿದರೆ ಮುಟ್ಟಿದ ಮಾತು ಹೊರಬೀಳುತ್ತದೆ, ಮತ್ತು ಅದಕ್ಕೆ ಸಾಕ್ಷಿ ಇಲ್ಲ. ನರಸಮ್ಮ ನೆಲ ನೋಡುತ್ತಿದ್ದಳು.

"ಬುಟ್ಟ್ಯಾಗ ನಾನ ಹಾಕಿದ್ದೆ."

ಅಡುಗೆಮನೆಯ ಬಾಗಿಲಲ್ಲಿ ಸೊಸೆ, ಶರಣಪ್ಪನ ಹೆಂಡತಿ, ನಿಂತಿದ್ದಳು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ಜಗಲಿ ಸಾರಸಾಕ ಅಂತ ಎಲ್ಲಾ ತೆಗದು ಬುಟ್ಟ್ಯಾಗ ಹಾಕಿದ್ದೆ. ಬಸವಣ್ಣನ್ನ ತೆಗದಿಡೂದು ಮರತೆ. ತಿಕ್ಕಿ ಬಂದ ಮ್ಯಾಲ ಬುಟ್ಟ್ಯಾಗ ನೋಡಿ ಸುಮ್ಮನ ಜಗಲಿ ಮ್ಯಾಲ ಇಟ್ಟೆ. ಅತ್ತಿಯವ್ರು ಬೈತಾರ ಅಂತ ಹೇಳಲಿಲ್ಲ. ಇವ್ರು ಬದಲಾಗೇದ ಅಂದಾಗ ನಾನೂ ಹಂಗ ತಿಳಕೊಂಡೆ. ಈಗ ಆ ಬೂದಿ ನೋಡಿದೆ."

ಶರಣಪ್ಪ ಹೆಂಡತಿಯ ಕಡೆ ಒಂದು ಹೆಜ್ಜೆ ಇಟ್ಟ. ಗೌರಮ್ಮನವರು, "ನಿಂದರು" ಎಂದರು. ಅವರ ಅಂಗೈಯಲ್ಲಿ ಬಸವಣ್ಣ ಇನ್ನೂ ಇದ್ದ. ನನ್ನನ್ನು ಕೇಳಿದರು. "ಯಾವುದರ ಎಲುಬು ಅದು?"

"ಎತ್ತಿಂದು ಇರಬೇಕ್ರಿ."

ಅವರು ಅದರ ಮುರಿದ ಕಿವಿಯನ್ನು ಬೆರಳಿನಿಂದ ಸವರಿದರು. "ಎತ್ತಿನ ಎಲುಬಿಂದ ಎತ್ತನ್ನ ಮಾಡ್ಯಾರ. ನಮ್ಮವ್ರಿಗೆ ಅದು ಬ್ಯಾಡಾಗಿ ಆನೀ ಹಲ್ಲು ಬೇಕಾಗಿತ್ತೇನು?" ಎಂದು, ಅಂಗೈಯ ಬೂದಿಯನ್ನು ಹಣೆಗೆ ಹಚ್ಚಿಕೊಂಡರು. ನಾನು ಅಷ್ಟು ದೊಡ್ಡ ಮಾತನ್ನು ಆ ಮನೆಯಲ್ಲಿ ನಿರೀಕ್ಷಿಸಿರಲಿಲ್ಲ. ನರಸಮ್ಮ ಮುಟ್ಟಿದ ಮಾತಿಗೆ ಮಾತ್ರ ಅವರು ಒಳ್ಳೆಯದನ್ನೂ ಹೇಳಲಿಲ್ಲ, ಕೆಟ್ಟದ್ದನ್ನೂ ಹೇಳಲಿಲ್ಲ. ಅದನ್ನೂ ಬರೆಯಬೇಕು.

ಅಲ್ಲೇ ಕೂತು ಕಾಗದ ಬರೆದೆ. ಮೊದಲ ಪರೀಕ್ಷೆ ನನ್ನ ತಪ್ಪು, ಎರಡನೆಯ ಮಾತೂ ನನ್ನ ತಪ್ಪು, ಮೂರ್ತಿ ಮೊದಲಿನದೇ, ಎಲುಬಿನದು. ಕೆಳಗೆ ಸಹಿ. ಆ ಕಾಗದಕ್ಕಾಗಿ ಮುಂದೆ ಕಚೇರಿಯಲ್ಲಿ ನನಗೆ ಏನಾಯಿತು ಎನ್ನುವುದು ಇಲ್ಲಿ ಬೇಡ. ಕುಲಕರ್ಣಿ ಸಾಹೇಬರು ಮಾತ್ರ ಮರುಮಾತಿಲ್ಲದೆ ಅದರ ಕೆಳಗೂ ತಮ್ಮ ಸಹಿ ಹಾಕಿದರು.

ಗೌರಮ್ಮನವರು ಹಿತ್ತಿಲ ಬಾಗಿಲ ಕಡೆ ತಿರುಗಿ, "ನಾಳಿಂದ ಕೆಲಸಕ್ಕ ಬಾ ನರಸಮ್ಮ" ಎಂದರು. ನರಸಮ್ಮ ಅವರ ಕಡೆ ತಿರುಗಲಿಲ್ಲ. ನನ್ನ ಕಡೆ ನೋಡಿದಳು.

"ಆ ಕಾಗದ ಎಲ್ಲಿರ್ತದರೀ?"

"ಒಂದು ಇವರ ಹತ್ರ, ಒಂದು ನಮ್ಮ ಕಚೇರ್ಯಾಗ."

"ನಮ್ಮ ಓಣಿಗೆ ಬರಂಗಿಲ್ಲಲ್ರಿ. ಹನ್ನೊಂದು ದಿನ ಆತು, ನಳದ ಹತ್ರ ನಾ ಬಂದ್ರ ಹೆಣಮಕ್ಕಳು ಮಾತು ನಿಲ್ಲಸ್ತಾರ. ನಮ್ಮ ಮಂದಿನ. ನೀವು ಬದಲಾಗೇದ ಅಂದದ್ದು ಬಾಯಿಲೆ ಅಂದ್ರಿ. ಇದನ್ನೂ ಬಾಯಿಲೆ ಬಂದು ಹೇಳ್ರಿ."

ಹೋದೆ. ಮಧ್ಯಾಹ್ನದ ಹೊತ್ತು, ರವಿವಾರ, ಎಲ್ಲರೂ ಮನೆಯಲ್ಲೇ ಇದ್ದರು. ಸುಜಾತಾ ಬಾಗಿಲು ಬಾಗಿಲಿಗೆ ಹೋಗಿ ಕರೆದಳು. ನಳದ ಪಕ್ಕದ ಕಟ್ಟೆಯ ಮೇಲೆ ನನ್ನನ್ನು ನಿಲ್ಲಿಸಿದರು. ನಲವತ್ತು ಐವತ್ತು ಜನ ಸೇರಿದರು. ನಾನು ದೊಡ್ಡ ದೊಡ್ಡ ಅಧಿಕಾರಿಗಳ ಮುಂದೆ ವರದಿ ಓದಿದವನು. ಅಲ್ಲಿ ದನಿ ತಗ್ಗಿಸಿಯೇ ಹೇಳಿದೆ.

"ಸಾಹುಕಾರ್ರ ಮನಿ ಬಸವಣ್ಣ ಬದಲಾಗೇದ ಅಂತ ನಾ ಹೇಳಿದ್ದೆ. ಅದು ಸುಳ್ಳು. ಮೊದಲಿಂದ ಅದು ಅದೇ. ನಾನ ತಪ್ಪು ನೋಡಿದೆ. ನರಸಮ್ಮ ಏನೂ ತಗೊಂಡಿಲ್ಲ."

ಹೇಳಿ ಮುಗಿಯಿತು ಎಂದುಕೊಂಡು ಕಟ್ಟೆಯಿಂದ ಇಳಿಯಲು ಕಾಲು ಕೆಳಗಿಟ್ಟೆ. ನರಸಮ್ಮ ಜನರ ನಡುವಿನಿಂದ ಮುಂದೆ ಬಂದು ನನ್ನ ಎದುರಿಗೆ ನಿಂತಳು.

"ಇಳೀಬ್ಯಾಡ್ರಿ. ಹಿಂದಿನ ಮಂದಿಗೆ ಕೇಳಿಸಿಲ್ಲ. ಇನ್ನೊಮ್ಮಿ ಹೇಳ್ರಿ."

ನಾನು ಮತ್ತೆ ಕಟ್ಟೆ ಹತ್ತಿ, ಹಿಂದಿನವರಿಗೂ ಕೇಳುವ ಹಾಗೆ, ಮೊದಲಿನಿಂದ ಹೇಳಿದೆ.